‘ಹೋಗಿ ಬರ್ತೀನಿ’ ಎನ್ನುತ್ತಿದ್ದ ಲಾರಿ ಮಾವ

ಕಂಪ್ಯೂಟರಿನ ಈ ಯುದ್ಧದಾಟಕ್ಕೆ ಹೊಸದಾಗಿ ಸೇರುವವರು ಓದಲಿ, ನಮ್ಮ ಮಾವನ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದು ತಂಡದವರು ಕೇಳಿದರು. ನಾನು ಓದಿದ್ದು ಏಳನೇ ಕ್ಲಾಸು. ತಪ್ಪು ಕಂಡರೆ ತಿದ್ದಿಕೊಂಡು ಓದಿ.

ಆಟದಲ್ಲಿ ಎಲ್ಲರೂ ಲಾರಿ ಮಾವ ಎನ್ನುತ್ತಿದ್ದುದು ನನ್ನ ಗಂಡನನ್ನು. ನಿಜವಾಗಿಯೂ ಲಾರಿ ಡ್ರೈವರೇ. ಇಪ್ಪತ್ತಾರು ವರ್ಷ ಓಡಿಸಿದರು. ಸಕ್ಕರೆ ಕಾಯಿಲೆ ಬಂದು ಎಡಗಾಲಿನ ಎರಡು ಬೆರಳು ತೆಗೆಸಬೇಕಾಯಿತು. ಆಮೇಲೆ ಕ್ಲಚ್ ತುಳಿಯಲು ಆಗಲಿಲ್ಲ. ಕೆಲಸ ಬಿಟ್ಟರು.

ನಾಲ್ಕು ತಿಂಗಳು ಕಿಟಕಿ ಮುಂದೆ ಕೂತರು. ನಮ್ಮ ಮನೆ ಮುಂದಿನ ರಸ್ತೆ ಏರು. ಯಾರದೋ ಲಾರಿ ಏರಲಾರದೆ ತಿಣುಕಿದರೆ, ‘ಸೆಕೆಂಡ್ ಗೇರಿಗೆ ಹಾಕೋ, ಸೆಕೆಂಡಿಗೆ ಹಾಕೋ’ ಎಂದು ಕೂತಲ್ಲಿಂದಲೇ ಬೈಯುವರು. ಎಡಗಾಲು ನೆಲವನ್ನು ಒತ್ತುತ್ತಿತ್ತು. ನಾನು ನೋಡಿಯೂ ನೋಡದ ಹಾಗೆ ಒಳಗೆ ಹೋಗುತ್ತಿದ್ದೆ.

ಮಗಳು ತನ್ನ ಹಳೆ ಕಂಪ್ಯೂಟರು ತಂದು ಮೂಲೆ ಕೋಣೆಯಲ್ಲಿ ಇಟ್ಟಳು. ಈ ಆಟ ಹಾಕಿಕೊಟ್ಟಳು.

‘ಅಪ್ಪಾ, ಇದರಲ್ಲಿ ಲಾರಿ ಇದೆ. ಕ್ಲಚ್ ಇಲ್ಲ’ ಅಂದಳು.

ಅಷ್ಟೇ. ಮನುಷ್ಯ ಮತ್ತೆ ಬೆಳಿಗ್ಗೆ ಗಡ್ಡ ಬೋಳಿಸಿಕೊಳ್ಳಲು ಶುರು ಮಾಡಿದರು.

ನಾನು ಮೊದಲು ಬೈದೆ. ‘ರೀ, ಈ ವಯಸ್ಸಲ್ಲಿ ಯಾರನ್ನ ಕೊಲ್ಲೋಕೆ ಹೊರಟಿದ್ದೀರಿ?’

‘ಯಾರನ್ನೂ ಇಲ್ಲ ಕಣೇ. ಸಾಮಾನು ಸಾಗಿಸ್ತೀನಿ.’

ಅದು ನಿಜ. ಅಲ್ಲಿ ನೂರಾರು ಜನ ಒಂದೇ ಯುದ್ಧದಲ್ಲಿ ಇರುತ್ತಾರೆ, ಒಬ್ಬೊಬ್ಬರು ಒಂದೊಂದು ಮನೆಯಲ್ಲಿ ಕೂತು. ಒಂದು ಯುದ್ಧ ವಾರಗಟ್ಟಲೆ ನಡೆಯುತ್ತದೆ. ನೀವು ಕಂಪ್ಯೂಟರು ಆರಿಸಿ ಊಟಕ್ಕೆ ಎದ್ದರೆ ಅದು ನಿಮಗಾಗಿ ನಿಲ್ಲುವುದಿಲ್ಲ. ಎಲ್ಲರೂ ಗುಂಡು ಹೊಡೆಯಲು ಬರುತ್ತಾರೆ. ಆ ಗುಂಡನ್ನು, ಡೀಸೆಲನ್ನು, ಗಾಯಕ್ಕೆ ಕಟ್ಟುವ ಬಟ್ಟೆಯನ್ನು ಹಿಂದಿನಿಂದ ಮುಂದಕ್ಕೆ ಯಾರಾದರೂ ಹೊತ್ತು ತರಬೇಕು. ಆ ಕೆಲಸ ಯಾರಿಗೂ ಬೇಡ. ಇವರು ಅದನ್ನೇ ಹಿಡಿದರು. ಒಂದೇ ಒಂದು ಸಲವೂ ಬಂದೂಕು ಎತ್ತಲಿಲ್ಲ.

ಹೊಸಬರನ್ನು ಕಂಡರೆ ಇವರಿಗೆ ಮರುಕ. ಹೊಸಬರು ಬಂದ ತಕ್ಷಣ ಯುದ್ಧದ ಕಡೆ ಹೊರಡುತ್ತಾರೆ. ಇಪ್ಪತ್ತು ನಿಮಿಷ ನಡೆದು ಹೋಗಿ ಒಂದೇ ಏಟಿಗೆ ಬೀಳುತ್ತಾರೆ. ಯಾರು ಹೊಡೆದರೆಂದೂ ಕಾಣುವುದಿಲ್ಲ. ಮತ್ತೆ ಹಿಂದಿನಿಂದ ನಡೆಯಬೇಕು. ಸಿಟ್ಟು ಬಂದು ಆಟವನ್ನೇ ಬಿಡುತ್ತಾರೆ. ಇವರು ಅಂಥವರನ್ನು ಕರೆದು ಲಾರಿಯಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳುತ್ತಿದ್ದರು. ಹೆಡ್‌ಫೋನು ಹಾಕಿದರೆ ಕಿವಿ ಬೇಯುತ್ತದೆ ಎಂದು ಸ್ಪೀಕರು ಇಟ್ಟಿದ್ದರು. ಹಾಗಾಗಿ ಅಡುಗೆಮನೆಯಲ್ಲಿ ನನಗೂ ಪಾಠ ಆಗುತ್ತಿತ್ತು.

‘ಮಾವ, ನಾನು ಗುಂಡು ಹೊಡೆಯೋದು ಯಾವಾಗ?’ ಎಂದು ಒಬ್ಬ ಹೊಸಬ ಕೇಳಿದ.

‘ಮೊದಲು ಇಳಿದು ಪೆಟ್ಟಿಗೆ ಇಳಿಸಪ್ಪ. ಗುಂಡು ಅದರಲ್ಲೇ ಇದೆ.’

ಕೊನೆಗೆ ಸೇರಿದವರು ಒಬ್ಬರು ಟೀಚರಮ್ಮ. ಚಿಕ್ಕ ಮಕ್ಕಳಿಗೆ ಪಾಠ ಹೇಳುವವರಂತೆ. ಬಂದ ದಿನವೇ ತಮ್ಮ ಕಡೆಯವನನ್ನೇ ಹೊಡೆದು ಕೆಡವಿದರು.

‘ಯೂನಿಫಾರಂ ಒಂದೇ ತರ ಕಾಣ್ತು ಮಾವ’ ಅಂದರು.

‘ಒಂದೇ ತರ ಕಂಡ್ರೆ ಅವನು ನಮ್ಮವನು ಅಂತ ಅರ್ಥ ಟೀಚರೇ.’

ನಾನು ಒಲೆ ಮುಂದೆ ಒಬ್ಬಳೇ ನಕ್ಕೆ.

ಇವರು ಹೊಸಬರಿಗೆ ದಿನಾ ಹೇಳುತ್ತಿದ್ದ ಮಾತು ಒಂದಿದೆ. ಲಾರಿಯನ್ನು ದಾರಿ ಮಧ್ಯೆ ನಿಲ್ಲಿಸಬೇಡಿ, ಹಿಂದೆ ಬರುವವನಿಗೆ ಜಾಗ ಬಿಡಿ. ಮರದ ಕೆಳಗೆ ಹಾಕಿ, ಎಂಜಿನ್ ಆರಿಸಿ, ಎಂಜಿನ್ ಸದ್ದು ಎದುರಿನವರಿಗೆ ಕೇಳುತ್ತದೆ. ಅದೆಲ್ಲ ಆದ ಮೇಲೆ ಮಾತು. ನಿಜವಾದ ಲಾರಿಯಲ್ಲೂ ಇವರು ಹಾಗೇ. ಹೊಟ್ಟೆನೋವು ಬಂದರೂ ಮೊದಲು ಗಾಡಿ ಪಕ್ಕಕ್ಕೆ, ಆಮೇಲೆ ಹೊಟ್ಟೆ.

ಈಗ ನಾನು ಮಾಡಿದ ತಪ್ಪು ಬರೆಯುತ್ತೇನೆ.

ಆಟದಲ್ಲಿ ಇವರ ಮನುಷ್ಯ ಬಿದ್ದಾಗಲೆಲ್ಲ ‘ಸತ್ತೆ’ ಎಂದು ಜೋರಾಗಿ ಹೇಳುತ್ತಿದ್ದರು. ಎಲ್ಲರೂ ಹಾಗೇ ಹೇಳುತ್ತಾರೆ, ತಂಡಕ್ಕೆ ಗೊತ್ತಾಗಬೇಕಲ್ಲ. ದಿನಕ್ಕೆ ಹತ್ತು ಸಲ. ನನಗೆ ಕೇಳಿ ಕೇಳಿ ಸಾಕಾಯಿತು. ಒಂದು ದಿನ ಸೌಟು ಹಿಡಿದೇ ಕೋಣೆಗೆ ಹೋದೆ.

‘ರೀ, ಬಾಯಿ ಬಿಟ್ರೆ ಸತ್ತೆ ಸತ್ತೆ. ಬೇರೆ ಮಾತೇ ಇಲ್ವಾ?’

‘ಸತ್ತವನು ಇನ್ನೇನು ಅಂತಾನೆ?’

‘ಇಪ್ಪತ್ತಾರು ವರ್ಷ ಲಾರಿ ಹತ್ತುವಾಗ ಒಂದು ದಿನವೂ ಹೋಗ್ತೀನಿ ಅಂದವರಲ್ಲ. ಹೋಗಿ ಬರ್ತೀನಿ ಅಂತಲೇ ಅಂದ್ರಿ. ಇಲ್ಲೂ ಹಾಗೇ ಅನ್ನಿ. ಅರ್ಧ ನಿಮಿಷಕ್ಕೆ ಎದ್ದು ಬರ್ತೀರಲ್ಲ.’

ಮೈಕು ತೆರೆದೇ ಇತ್ತು. ಇಡೀ ತಂಡ ಕೇಳಿಸಿಕೊಂಡು ನಕ್ಕಿತು. ಅವತ್ತಿನಿಂದ ಇವರು ‘ಹೋಗಿ ಬರ್ತೀನಿ’ ಎನ್ನುವರು, ನಾನು ಅಡುಗೆಮನೆಯಿಂದ ‘ಬೇಗ ಬನ್ನಿ’ ಎನ್ನುವೆ. ತಂಡದವರಿಗೂ ಅದೇ ರೂಢಿ ಆಯಿತು. ಯಾರು ಬಿದ್ದರೂ ‘ಹೋಗಿ ಬರ್ತೀನಿ’. ಸತ್ತೆ ಅನ್ನುವ ಮಾತನ್ನೇ ಬಿಟ್ಟರು. ನನಗೆ ಹೆಮ್ಮೆ, ನನ್ನ ಮಾತು ಅಷ್ಟು ಜನ ಕೇಳಿದರಲ್ಲ ಎಂದು.

ಆ ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ. ನಾನು ಹುರುಳಿಕಾಯಿ ಹೆಚ್ಚುತ್ತಿದ್ದೆ. ಕೋಣೆಯಿಂದ ಇವರ ದನಿ ಬಂತು. ‘ಹೋಗಿ ಬರ್ತೀನಿ ಕಣೇ.’

‘ಬೇಗ ಬನ್ನಿ’ ಅಂದೆ. ಹೆಚ್ಚುವುದು ನಿಲ್ಲಿಸಲಿಲ್ಲ.

ಹುರುಳಿಕಾಯಿ ಮುಗಿಸಿದೆ. ಎರಡು ಪಾತ್ರೆ ತೊಳೆದೆ. ಟೀ ಮಾಡಿ ತೆಗೆದುಕೊಂಡು ಹೋದೆ. ಕುರ್ಚಿಗೆ ತಲೆ ಆನಿಸಿ ಕೂತಿದ್ದರು. ಕೈ ಮುಟ್ಟಿದೆ. ಸ್ಪೀಕರಿನಲ್ಲಿ ಯಾರೋ ‘ಮಾವ, ಮಾವ’ ಎನ್ನುತ್ತಿದ್ದರು. ಪರದೆ ಕಡೆ ನೋಡಲಿಲ್ಲ, ವೈರು ಕಿತ್ತೆ.

‘ಹೃದಯ ನಿಂತಿದೆ. ಒಂದು ಕಾಲು ಗಂಟೆ ಮುಂಚೆ ಗೊತ್ತಾಗಿದ್ದರೆ ಏನಾದರೂ ನೋಡಬಹುದಿತ್ತು’ ಅಂದರು ಡಾಕ್ಟರು. ಯಾವ ಕಾಲು ಗಂಟೆ ಎಂದು ನನಗೆ ಗೊತ್ತಿತ್ತು. ಡಾಕ್ಟರಿಗೆ ಹೇಳಲಿಲ್ಲ. ಮಗಳಿಗೂ ಹೇಳಲಿಲ್ಲ.

ಒಂದೇ ಯೋಚನೆ ಹಿಡಿಯಿತು. ಇವರು ಆ ಮಾತು ಆಟಕ್ಕೆ ಹೇಳಿದ್ದೋ, ನನಗೆ ಹೇಳಿದ್ದೋ? ಆಟಕ್ಕೆ ಹೇಳಿದ್ದಾದರೆ ನನ್ನ ತಪ್ಪಿಲ್ಲ, ಆಮೇಲೆ ಯಾವಾಗಲೋ ಸದ್ದಿಲ್ಲದೆ ಹೋದರು. ನನಗೆ ಹೇಳಿದ್ದಾದರೆ ನಾನು ಕೂತು ಹುರುಳಿಕಾಯಿ ಹೆಚ್ಚಿದೆ. ಆಟಕ್ಕೆ ಹೇಳುವಾಗ ‘ಕಣೇ’ ಸೇರಿಸುತ್ತಿರಲಿಲ್ಲ. ಅಂದು ಸೇರಿಸಿದ್ದರು. ಬಾಯಿ ತಪ್ಪಿ ಬಂದಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಒಂದೂವರೆ ತಿಂಗಳು ಹೇಳಿಕೊಂಡೆ. ನಿದ್ದೆ ಬರಲಿಲ್ಲ. ಕೇಳಿಯೇ ಬಿಡೋಣ ಎಂದು ಒಂದು ಮಧ್ಯಾಹ್ನ ಕಂಪ್ಯೂಟರು ಹಾಕಿದೆ. ಇವರು ಒತ್ತುವುದನ್ನು ನೋಡಿ ನೋಡಿ ಅಷ್ಟು ಬರುತ್ತಿತ್ತು.

ತಂಡದ ಮುಂದಾಳು ಔಷಧದಂಗಡಿಯ ಒಬ್ಬ ಕಂಪೌಂಡರ್. ಇವರ ಹೆಸರು ಕಂಡ ಕೂಡಲೇ ಶುರು ಮಾಡಿದ.

‘ಅಂತೂ ಬಂದ್ರಾ ಮಾವ. ಎಲ್ಲಿ ಮಾಯ ಆಗಿದ್ರಿ? ನಿಮ್ಮ ಲಾರಿ ಇಲ್ದೆ ಸೇತುವೇನೇ ಕಳ್ಕೊಂಡ್ವಿ.’

‘ನಾನು ಅವರ ಹೆಂಡತಿ. ಅವರು ಹೋದ್ರು’ ಅಂದೆ.

‘ಓ, ಅತ್ತೆ. ಪರವಾಗಿಲ್ಲ, ಅರ್ಧ ನಿಮಿಷ ಕಾಯಿರಿ. ಎದ್ದು ಬರ್ತಾರೆ.’

‘ಬರಲ್ಲಪ್ಪ. ಸತ್ತರು.’

‘ಎಲ್ಲಿ, ಸೇತುವೆ ಹತ್ರಾನಾ?’

‘ಮನೇಲಿ. ಕುರ್ಚಿ ಮೇಲೆ.’

ನಮ್ಮ ಕಡೆಯವರು ಗುಂಡು ಹೊಡೆಯುವುದು ನಿಲ್ಲಿಸಿದರು. ದೂರದಲ್ಲಿ ಎದುರು ಕಡೆಯವರು ಹೊಡೆಯುತ್ತಲೇ ಇದ್ದರು. ಅವರಿಗೇನು ಗೊತ್ತು.

ನಾನು ಕೇಳಬೇಕಾದ್ದು ಕೇಳಿದೆ. ಆ ಭಾನುವಾರ ಹನ್ನೊಂದಕ್ಕೆ ಆಟದಲ್ಲಿ ಇವರಿಗೆ ಗುಂಡು ಬಿದ್ದಿತ್ತಾ?

‘ಬಿದ್ದಿತ್ತು ಅತ್ತೆ’ ಅಂದ ಕಂಪೌಂಡರ್. ತಕ್ಷಣ ಅಂದ. ನಾನು ಉಸಿರು ಬಿಟ್ಟೆ.

‘ಇಲ್ಲ’ ಅಂದಿತು ಇನ್ನೊಂದು ದನಿ. ಟೀಚರು.

‘ಟೀಚರೇ, ಈಗ್ಯಾಕೆ ಅದೆಲ್ಲ, ಬಿಡಿ.’

‘ಅವರು ಕೇಳೋಕೇ ಬಂದಿದ್ದಾರೆ, ಹೇಳಬೇಕು. ಅತ್ತೆ, ಅವತ್ತು ಲಾರೀಲಿ ಪಕ್ಕದಲ್ಲಿ ಕೂತಿದ್ದೋಳು ನಾನು. ಒಂದು ಗುಂಡೂ ಬೀಳಲಿಲ್ಲ. ಸೇತುವೆ ಇನ್ನೂ ದೂರ ಇತ್ತು. ಮಾವ ಲಾರೀನ ದಾರಿಯಿಂದ ಪಕ್ಕಕ್ಕೆ ತಗೊಂಡು ಮರದ ಕೆಳಗೆ ಹಾಕಿದ್ರು. ಎಂಜಿನ್ ಆರಿಸಿದ್ರು. ಯಾಕೆ ಮಾವ ಅಂದೆ. ಸ್ವಲ್ಪ ಇರಿ ಟೀಚರೇ ಅಂದ್ರು. ಆಮೇಲೆ ಹೋಗಿ ಬರ್ತೀನಿ ಕಣೇ ಅಂದ್ರು. ನನಗೆ ಯಾವತ್ತೂ ಕಣೇ ಅಂದವರಲ್ಲ. ನಿಮ್ಮ ದನಿ ಕೇಳಿಸ್ತು, ಬೇಗ ಬನ್ನಿ ಅಂತ. ಊಟಕ್ಕೆ ಎದ್ದರೇನೋ ಅಂತ ನಾನೂ ಸುಮ್ಮನಾದೆ.’

ಟೀಚರು ಅತ್ತರು. ನನಗೆ ಅಳು ಬರಲಿಲ್ಲ. ‘ಸುಳ್ಳು ಹೇಳದೆ ಇದ್ದದ್ದು ಒಳ್ಳೇದಾಯ್ತಮ್ಮ’ ಅಂದೆ.

ಇಬ್ಬರು ಹೆಂಗಸರು ಕೇಳಿಸಿಕೊಂಡೆವು, ಇಬ್ಬರಿಗೂ ಗೊತ್ತಾಗಲಿಲ್ಲ. ಅವರಿಗೆ ಗೊತ್ತಾಗುವಂತಿರಲಿಲ್ಲ, ಸೇರಿ ಮೂರೇ ದಿನ. ನನಗೆ ಮದುವೆಯಾಗಿ ಮೂವತ್ತೊಂದು ವರ್ಷ. ಎದೆನೋವು ಬಂದಾಗಲೂ ಇವರು ಬೇರೆಯವರ ಪೆಟ್ಟಿಗೆಗಳನ್ನು ಮರದ ನೆರಳಿಗೆ ಸೇರಿಸಿ ಎಂಜಿನ್ ಆರಿಸಿದರು. ಆಮೇಲೆ ನನ್ನನ್ನು ಕರೆದರು. ನಾನೇ ಕಲಿಸಿಕೊಟ್ಟ ಮಾತಿನಲ್ಲಿ ಕರೆದರು. ‘ಸತ್ತೆ ಕಣೇ’ ಎಂದಿದ್ದರೆ ಬೈಯಲಿಕ್ಕಾದರೂ ಎದ್ದು ಹೋಗಿರುತ್ತಿದ್ದೆ.

ಅವತ್ತೇ ತಂಡದವರನ್ನು ಒಂದು ಮಾತು ಕೇಳಿಕೊಂಡೆ. ಅವರು ಒಪ್ಪಿದರು. ಹೊಸಬರಿಗೆ ನಾನು ಹೇಳುವುದೂ ಅದೇ. ಲಾರಿ ಪಕ್ಕಕ್ಕೆ ಹಾಕುವುದು, ನಮ್ಮವರನ್ನು ಹೊಡೆಯದಿರುವುದು, ಇದನ್ನೆಲ್ಲ ಕಂಪೌಂಡರ್ ಹೇಳಿಕೊಡುತ್ತಾನೆ. ನೀವು ಆಟದಲ್ಲಿ ಬಿದ್ದರೆ ‘ಸತ್ತೆ’ ಎಂದೇ ಹೇಳಿ, ಎಷ್ಟು ಜೋರಾಗಿ ಬೇಕಾದರೂ ಹೇಳಿ. ಮನೆಯವರು ಬೈದರೆ ಬೈಯಲಿ. ‘ಹೋಗಿ ಬರ್ತೀನಿ’ ಅನ್ನುವುದನ್ನು ಆಟಕ್ಕೆ ಬಳಸಬೇಡಿ. ಅದು ಮನೆಯವರಿಗೆ ಹೇಳುವ ಮಾತು, ಅವರಿಗಾಗಿಯೇ ಇಟ್ಟುಕೊಳ್ಳಿ.

ಇದನ್ನು ನಿಮ್ಮ ಮನೆಯವರಿಗೂ ಓದಿ ಹೇಳಿ. ಕೋಣೆಯಿಂದ ಆ ಮಾತು ಕೇಳಿಸಿದರೆ ಕೂತಲ್ಲಿಂದ ಉತ್ತರ ಕೊಡಬಾರದು. ಚಾಕು ಕೆಳಗಿಟ್ಟು ಎದ್ದು ಹೋಗಿ ಮುಖ ನೋಡಬೇಕು.