ನಡುವಿನ ಸಿಲಿಂಡರಿನ ಗಬ್ಬುಬುಡ್ಡಿ

ಶೆಡ್ಡಿನಲ್ಲಿ ಎಲ್ಲರೂ ಅವನನ್ನು ಮೂಗಣ್ಣ ಎಂದೇ ಕರೆಯುತ್ತಿದ್ದರು. ಕರೆಯದೆ ಇನ್ನೇನು ಮಾಡುತ್ತಾರೆ, ಆ ಮೂಗು ಹಾಗಿತ್ತು. ಎಂಜಿನ್ನಿನ ಕಿಟಕಿಯಿಂದ ಮೊದಲು ಮೂಗು ಬರುತ್ತದೆ, ಆಮೇಲೆ ಡ್ರೈವರ್ ಬರುತ್ತಾನೆ, ಅವನ ಹಿಂದೆ ಗಾಡಿ ಬರುತ್ತದೆ ಎಂದು ಸಿಗ್ನಲ್ಲಿನವರು ಆಡಿಕೊಳ್ಳುತ್ತಿದ್ದರು. ಎಂಜಿನ್ ಒರೆಸುವ ಕೆಲಸಕ್ಕೆ ಸೇರಿದ ದಿನವೇ ಬಿದ್ದ ಹೆಸರು ಅದು. ಒರೆಸುವವನು ಫೈರ್‌ಮನ್ ಆದ, ಫೈರ್‌ಮನ್ ಗೂಡ್ಸ್ ಡ್ರೈವರ್ ಆದ, ಗೂಡ್ಸಿನಿಂದ ಎಕ್ಸ್‌ಪ್ರೆಸ್ಸಿಗೆ ಬಂದ. ಹೆಸರಿಗೆ ಮಾತ್ರ ಬಡ್ತಿ ಸಿಗಲಿಲ್ಲ. ಅವನಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಮೂಗಿನ ಮೇಲೇ ಕೋಪ ಇಟ್ಟುಕೊಳ್ಳುವ ಜಾತಿಯ ಮನುಷ್ಯ ಅವನಲ್ಲ.

ಅವನು ಓಡಿಸುತ್ತಿದ್ದದ್ದು ಮುನ್ನೂರರ ಸಾಲಿನ ಎಂಜಿನ್ನುಗಳನ್ನು. ನಂಬರು ಮುನ್ನೂರರಿಂದ ಶುರುವಾಗುತ್ತಿದ್ದರಿಂದ ಆ ಹೆಸರು. ಆಳೆತ್ತರದ ಆರು ಚಕ್ರ, ಅವುಗಳ ಮೇಲೆ ಉದ್ದಕ್ಕೆ ಮೈಚಾಚಿದ ಬಾಯ್ಲರ್, ಹಿಂದೆ ಎಷ್ಟು ಕಲ್ಲಿದ್ದಲು ಸುರಿದರೂ ಇನ್ನಷ್ಟು ಕೇಳುವ ಅಗಲವಾದ ಬೆಂಕಿಗೂಡು. ಮಿಕ್ಕ ಎಂಜಿನ್ನುಗಳಿಗೆ ಎಡಕ್ಕೊಂದು ಬಲಕ್ಕೊಂದು ಸಿಲಿಂಡರ್ ಇದ್ದರೆ, ಇವಕ್ಕೆ ಬಾಯ್ಲರಿನ ಹೊಟ್ಟೆಯ ಕೆಳಗೆ ಮೂರನೆಯದೂ ಇತ್ತು. ಮೂರೂ ಸರದಿಯಂತೆ ಎಳೆಯುತ್ತಿದ್ದವು. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಚಿಮಣಿ ಆರು ಸಲ ಉಸಿರು ಬಿಡುತ್ತಿತ್ತು, ಗಾಡಿ ಜಗ್ಗದೆ ಕುಲುಕದೆ ಓಡುತ್ತಿತ್ತು. ಈ ಎಂಜಿನ್ ಹತ್ತಿದ ಮೇಲೆ ಬೇರೆ ಎಂಜಿನ್ ಹತ್ತಲು ಯಾವ ಡ್ರೈವರಿಗೂ ಮನಸ್ಸು ಬರುತ್ತಿರಲಿಲ್ಲ.

ಅದರ ಕೊರತೆಯೂ ಆ ನಡುವಿನ ಸಿಲಿಂಡರಿನಲ್ಲೇ ಇತ್ತು. ಅದರ ಕವಾಟಕ್ಕೆ ಸ್ವಂತ ಸಲಕರಣೆ ಇರಲಿಲ್ಲ. ಹೊರಗಿನ ಎರಡರ ಚಲನೆಯನ್ನೇ ಕೋಲುಗಳ ಮೂಲಕ ಎರವಲು ಪಡೆದು ಅದು ತೆರೆದು ಮುಚ್ಚುತ್ತಿತ್ತು. ಆ ಕೋಲುಗಳ ಕೀಲು ಸವೆದಂತೆಲ್ಲ, ವೇಗ ಏರಿದಾಗ ನಡುವಿನ ಕವಾಟ ಅತಿಯಾಗಿ ತೆರೆದು, ಮೂರರ ಕೆಲಸವನ್ನು ನಡುವಿನ ಪಿಸ್ಟನ್ ಒಂದೇ ತಲೆಯ ಮೇಲೆ ಹಾಕಿಕೊಳ್ಳುತ್ತಿತ್ತು. ಆಗ ಅದರ ರಾಡು ಚಕ್ರದ ಅಚ್ಚಿಗೆ ಸೇರುವ ಕಡೆಯ ದೊಡ್ಡ ಬೇರಿಂಗ್ ಕಾದು ಸುಡುತ್ತಿತ್ತು. ಹೊರಗಿನ ಬೇರಿಂಗ್ ಕಾದರೆ ಹೊಗೆ ಕಣ್ಣಿಗೆ ಕಾಣುತ್ತದೆ. ಒಳಗಿನದು ಯಾರಿಗೂ ಕಾಣುವುದಿಲ್ಲ. ಶೆಡ್ಡಿನ ಗುಂಡಿಗೆ ಇಳಿದು, ಬೆನ್ನು ಬಗ್ಗಿಸಿ ಮೇಲಕ್ಕೆ ತೂರಿಕೊಂಡರೆ ಮಾತ್ರ ಅದರ ದರ್ಶನ.

ಕಾದದ್ದು ಗೊತ್ತಾಗದಿದ್ದರೆ ಬೇರಿಂಗಿನೊಳಗಿನ ಮೆತ್ತನೆಯ ಬಿಳಿ ಲೋಹ ಕರಗಿ ಹರಿಯುತ್ತದೆ, ರಾಡು ತುಂಡಾಗುತ್ತದೆ, ತುಂಡಾದ ತುದಿ ಅದೇ ವೇಗದಲ್ಲಿ ಬಡಿಯುತ್ತ ಬಾಯ್ಲರಿನ ಹೊಟ್ಟೆಯನ್ನೇ ಬಗೆಯುತ್ತದೆ. ಹಾಗಾದ ಒಂದು ಎಂಜಿನ್ನನ್ನು ಶೆಡ್ಡಿಗೆ ಎಳೆದು ತಂದಾಗ ಮೂಗಣ್ಣ ನೋಡಿದ್ದ. ಅದರಲ್ಲಿದ್ದ ಇಬ್ಬರನ್ನು ನೋಡಿರಲಿಲ್ಲ. ನೋಡಿದವರು ಆ ಮಾತನ್ನು ಮತ್ತೆ ಎತ್ತಲಿಲ್ಲ.

ಅದಕ್ಕೇ ವಿನ್ಯಾಸ ಮಾಡಿದವರು ಆಮೇಲೆ ಒಂದು ಉಪಾಯ ಹೂಡಿದರು. ಆ ಬೇರಿಂಗ್ ಕೂರುವ ದಪ್ಪ ಗೂಟವನ್ನು ಟೊಳ್ಳು ಮಾಡಿ, ಒಳಗೆ ಬೆರಳುದ್ದದ ಒಂದು ಬುಡ್ಡಿ ಇಟ್ಟರು. ಬಿಸಿ ಮಿತಿ ಮೀರಿದರೆ ಅದರ ಬಿರಟೆ ಕರಗಿ, ಒಳಗಿನ ದ್ರವ ಹೊರಬಿದ್ದು, ಸತ್ತ ಇಲಿಯನ್ನು ಬೆಳ್ಳುಳ್ಳಿಯಲ್ಲಿ ಬೇಯಿಸಿದಂಥ ನಾತ ಎಬ್ಬಿಸುತ್ತಿತ್ತು. ಕಾಗದದಲ್ಲಿ ಅದಕ್ಕೆ ಏನೋ ಗಂಭೀರವಾದ ಹೆಸರಿತ್ತು; ಶೆಡ್ಡಿನವರ ಬಾಯಲ್ಲಿ ಅದು ಗಬ್ಬುಬುಡ್ಡಿ. ಒಮ್ಮೆ ಫಿಟ್ಟರನ ಕೈಜಾರಿ ಒಂದು ಒಡೆದಾಗ ಇಡೀ ಶೆಡ್ಡು ಅನ್ನ ಬಿಟ್ಟು ಅಂಗಳಕ್ಕೆ ಓಡಿತ್ತು. ನಾತ ಬಂತೋ, ಎಲ್ಲಿದ್ದರೂ ಗಾಡಿ ನಿಲ್ಲಿಸಬೇಕು. ಇಷ್ಟೇ ನಿಯಮ. ಕಣ್ಣು ಕಾಣದ ಜಾಗಕ್ಕೆ ಮೂಗನ್ನು ಕಾವಲಿಟ್ಟಿದ್ದರು.

ಆ ವರ್ಷ ಚಳಿಗಾಲದಲ್ಲಿ ಶೆಡ್ಡಿನ ಅರ್ಧ ಜನ ಒಬ್ಬರ ಹಿಂದೊಬ್ಬರು ಜ್ವರ ಹಿಡಿದು ಮಲಗಿದರು. ಮೂಗಣ್ಣನೂ ಮಲಗಿದ, ಅವನ ಫೈರ್‌ಮನ್ನೂ ಮಲಗಿದ. ಫೈರ್‌ಮನ್ ಎಂದರೆ ಬೇರೆ ಯಾರೋ ಅಲ್ಲ, ಹೆಂಡತಿಯ ಸ್ವಂತ ತಮ್ಮ. ಗಟ್ಟಿ ಆಳು, ಕಲ್ಲು ತಿಂದು ಕರಗಿಸುವ ವಯಸ್ಸು. ಬೇಗ ಎದ್ದು ಓಡಾಡಿದ. ಮೂಗಣ್ಣ ಏಳುವುದು ತಡವಾಯಿತು. ಅವನು ಎದ್ದು ಗಂಜಿ ಕುಡಿಯುವಂತಾದ ಮೇಲೆ ಹೆಂಡತಿ ಎರಡು ದಿನ ಅಕ್ಕನ ಮನೆಗೆ ಹೋಗಿಬಂದಳು. ಬಂದವಳು ಕೋಣೆಯ ಬಾಗಿಲು ತೆಗೆದವಳೇ ಮೂಗು ಮುಚ್ಚಿಕೊಂಡು ಹಿಂದಕ್ಕೆ ಜಿಗಿದಳು.

"ಅಯ್ಯೋ, ಏನ್ರೀ ಇದು! ಇದರಲ್ಲಿ ಹೇಗೆ ಮಲಗಿದ್ರಿ ನೀವು?"

"ಯಾಕೆ, ಏನಾಗಿದೆ?"

ಪೆಟ್ಟಿಗೆಯ ಹಿಂದೆ ಇಲಿ ಸತ್ತು ಬಿದ್ದಿತ್ತು. ಅವಳು ಅದನ್ನು ಮೊರದಲ್ಲಿ ಎತ್ತಿಕೊಂಡು ಹೋಗುತ್ತ, "ಇಷ್ಟು ದೊಡ್ಡ ಮೂಗು ಇಟ್ಕೊಂಡು ಏನು ಪ್ರಯೋಜನ," ಎಂದು ನಕ್ಕಳು. ಅವನೂ ನಕ್ಕ. ಅವಳು ಹಿತ್ತಿಲಿಗೆ ಹೋದ ಮೇಲೆ ಎದ್ದು ಸೀಮೆಎಣ್ಣೆ ಡಬ್ಬಿಯ ಮುಚ್ಚಳ ತೆಗೆದು ಮೂಸಿದ. ಸೋಪು ಮೂಸಿದ. ಈರುಳ್ಳಿ ಹೆಚ್ಚಿ ಮೂಸಿದ. ಕಣ್ಣಲ್ಲಿ ನೀರು ಬಂತು, ಮೂಗಿಗೆ ಏನೂ ಬರಲಿಲ್ಲ. ಆಗ ಅವನಿಗೆ ಗಬ್ಬುಬುಡ್ಡಿ ನೆನಪಾಯಿತು. ಅಡುಗೆಮನೆಯ ಹೊಸ್ತಿಲ ಮೇಲೆ ಹಾಗೇ ಕೂತುಬಿಟ್ಟ.

ಹೆಂಡತಿಗೆ ಹೇಳದೆ ಇರಲಾಗಲಿಲ್ಲ. ಅವಳು ಬಹಳ ಹೊತ್ತು ಯೋಚಿಸಿದಳು. ಹೆದರುವ ಹೆಂಗಸಲ್ಲ ಅವಳು, ಎಲ್ಲಕ್ಕೂ ಒಂದು ದಾರಿ ಹುಡುಕುವವಳು.

"ರೈಲ್ವೆ ಡಾಕ್ಟರು ಮೂಗು ಪರೀಕ್ಷೆ ಮಾಡ್ತಾರಾ?"

"ಇಲ್ಲ. ಕಣ್ಣು ನೋಡ್ತಾರೆ, ಕಿವಿ ನೋಡ್ತಾರೆ. ಮೂಗನ್ನ ಯಾರೂ ಕೇಳಲ್ಲ."

"ಮತ್ತೆ? ಪಕ್ಕದಲ್ಲಿ ನನ್ನ ತಮ್ಮ ಇರ್ತಾನಲ್ಲ. ಅವನ ಮೂಗು ಸಾಕು ಇಬ್ಬರಿಗೂ. ನಾತ ಬಂದ್ರೆ ಅವನು ಸುಮ್ನಿರ್ತಾನಾ? ಬಾಯಿ ಬಿಟ್ಕೊಂಡು ಊರಿಗೆಲ್ಲ ಕೇಳಿಸೋ ಹಾಗೆ ಕೂಗ್ತಾನೆ."

"ಅವನಿಗೆ ಹೇಳಿಬಿಡಲಾ?"

"ಬೇಡ. ಅವನ ಬಾಯಲ್ಲಿ ಗುಟ್ಟು ನಿಲ್ಲಲ್ಲ. ನಾಳೆ ಶೆಡ್ಡಿಗೆಲ್ಲ ಗೊತ್ತಾಗಿ, ಎಂಜಿನ್ನಿಂದ ಇಳಿಸಿಬಿಡ್ತಾರೆ ನಿಮ್ಮನ್ನ."

ಎಂಜಿನ್ನಿಂದ ಇಳಿಸುವ ಮಾತು ಕೇಳಿದ ಕೂಡಲೇ ಅವನು ಹೆಂಡತಿ ಹೇಳಿದ್ದೇ ಸರಿ ಎಂದುಕೊಂಡ. ಹಾಗೆಂದುಕೊಳ್ಳುವುದು ಸುಲಭವಿತ್ತು.

ಅಲ್ಲಿಂದ ಶುರುವಾಯಿತು ನೋಡಿ ಮೂಗಣ್ಣನ ಪಾಡು. ಮೊದಲೆಲ್ಲ ಮುಂದೆ ಹಳಿ ನೋಡುತ್ತ ಗಾಡಿ ಓಡಿಸುತ್ತಿದ್ದವನು ಈಗ ಅರ್ಧ ಹೊತ್ತು ಭಾಮೈದನ ಮುಖ ನೋಡತೊಡಗಿದ. ಅವನು ಮೂಗು ಒರೆಸಿಕೊಂಡರೆ ಇವನ ಎದೆ ಧಸಕ್ಕೆನ್ನುತ್ತಿತ್ತು. ಅವನು ಸೀನಿದರೆ ಇವನ ಕೈ ತಾನಾಗಿ, ಉಗಿ ನಿಲ್ಲಿಸಲು, ರೆಗ್ಯುಲೇಟರಿಗೆ ಹೋಗುತ್ತಿತ್ತು. ಅವನು ಸಲಿಕೆ ಊರಿ ನಿಂತು ಬೆವರೊರೆಸಿಕೊಂಡು ಆರಾಮಾಗಿ ಹೊರಗೆ ನೋಡಿದಾಗ ಮಾತ್ರ ಒಂದು ಗಳಿಗೆ ಉಸಿರು ಸರಾಗವಾಗುತ್ತಿತ್ತು. ನಿಲ್ದಾಣ ಬಂದರೆ ಸಾಕು, ಇಳಿದು, ಚಕ್ರದ ಸಂದಿಯಲ್ಲಿ ತೋಳು ತೂರಿಸಿ, ಆ ಬೇರಿಂಗಿಗೆ ಕೈ ತಾಗಿಸಿ ನೋಡುತ್ತಿದ್ದ. ಬೆಚ್ಚಗಿದ್ದರೆ ಜೀವ ಬಂದಂತೆ ಏಳುತ್ತಿದ್ದ. ತೋಳೆಲ್ಲ ಸುಟ್ಟ ಗಾಯ, ಮೈಯೆಲ್ಲ ಎಣ್ಣೆ. "ಮೂಗಣ್ಣ ಎಂಜಿನ್ನಿಗೆ ನಾಡಿ ನೋಡ್ತಾನೆ," ಎಂದು ಪ್ಲಾಟ್‌ಫಾರಮ್ಮಿನವರು ನಗುತ್ತಿದ್ದರು. ಮನೆಯಲ್ಲಿ ಊಟ ರುಚಿಸದು, ನಿದ್ದೆ ಹತ್ತದು. ಕಣ್ಣು ಮುಚ್ಚಿದರೆ ಕಾಣದ ಆ ಬೇರಿಂಗ್ ಕತ್ತಲಲ್ಲಿ ಕೆಂಪಗೆ ತಿರುಗುತ್ತಿತ್ತು.

ಭಾಮೈದನೂ ಈಚೆಗೆ ಸ್ವಲ್ಪ ಬದಲಾಗಿದ್ದ. ಮೊದಲು ಗಾಡಿಯುದ್ದಕ್ಕೂ ಹರಟುತ್ತಿದ್ದವನು ಈಗ ಮಾತು ಕಡಿಮೆ ಮಾಡಿ, ಆಗಾಗ ತಿರುಗಿ, "ಎಲ್ಲ ಸರಿ ಇದೆಯಾ ಭಾವ?" ಎಂದು ಕೇಳುತ್ತಿದ್ದ. ಜವಾಬ್ದಾರಿ ಬಂತು ಹುಡುಗಾಟದವನಿಗೆ ಎಂದು ಮೂಗಣ್ಣನಿಗೆ ಸಮಾಧಾನ. "ಎಲ್ಲ ಸರಿ ಇದೆ ಕಣೋ," ಎನ್ನುತ್ತಿದ್ದ.

ಬೇಸಿಗೆಗೆ ಹೊಸ ವೇಳಾಪಟ್ಟಿ ಬಂತು. ಎಕ್ಸ್‌ಪ್ರೆಸ್ ಇನ್ನು ನಡುವಿನ ನಿಲ್ದಾಣಗಳಲ್ಲಿ ನಿಲ್ಲುವುದಿಲ್ಲ, ಹೊರಟರೆ ದೊಡ್ಡ ಜಂಕ್ಷನ್ನಿನವರೆಗೂ ಒಂದೇ ಓಟ. ಉಳಿದ ಡ್ರೈವರುಗಳಿಗೆ ಹಿಗ್ಗೋ ಹಿಗ್ಗು. ಮೂಗಣ್ಣನಿಗೆ ಇಳಿದು ಕೈ ತಾಗಿಸಿ ನೋಡಲಿದ್ದ ಅವಕಾಶವೂ ಹೋಯಿತು. ಮೊದಲನೆಯ ಓಟಕ್ಕೆ ಹೊರಡುವ ಬೆಳಿಗ್ಗೆ ಹೆಂಡತಿ ಇಬ್ಬರ ಬುತ್ತಿಯನ್ನೂ ಕಟ್ಟಿ ಕೈಗೆ ಕೊಡುವಾಗ, ಅವನು ತಗ್ಗಿದ ದನಿಯಲ್ಲಿ, "ಇವತ್ತು ಹೋಗ್ಬೇಕಾ?" ಎಂದ. "ಅವನು ಇದ್ದಾನಲ್ಲ," ಎಂದಳು ಅವಳು. ಅವನು ಹೋದ.

ಸೇತುವೆ ದಾಟುವವರೆಗೆ ಎಂಜಿನ್ ಬೆಣ್ಣೆಯಂತೆ ಓಡಿತು. ಆಮೇಲೆ ಇಳಿಜಾರು, ವೇಗ ಏರಿತು. ಚಿಮಣಿಯ ಆರು ಉಸಿರಿನಲ್ಲಿ ಒಂದು ಉಳಿದವಕ್ಕಿಂತ ಭಾರವಾಗಿ ಬೀಳುತ್ತಿದೆ ಎನ್ನಿಸಿತು ಅವನಿಗೆ. ಕೀಲು ಸವೆದ ಮುನ್ನೂರುಗಳೆಲ್ಲ ಹಾಗೇ ಉಸಿರಾಡುತ್ತವೆ, ಹೊಸದೇನಲ್ಲ. ಆದರೂ ಭಾಮೈದನ ಕಡೆ ನೋಡಿದ. ಅವನು ಬಗ್ಗಿ ಕಲ್ಲಿದ್ದಲು ಎಸೆಯುತ್ತಿದ್ದ, ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ತಲೆ ಎತ್ತಿ ಭಾವನನ್ನು ನೋಡಿ, ಭಾವ ಸುಮ್ಮನಿರುವುದನ್ನು ಕಂಡು, ಮತ್ತೆ ಬಗ್ಗಿದ. ಅವನಿಗೇ ಇಲ್ಲದ ಚಿಂತೆ ನನಗ್ಯಾಕೆ ಎಂದು ಮೂಗಣ್ಣ ತನಗೆ ತಾನೇ ಹೇಳಿಕೊಂಡ. 

ಹಳಿ ಎಡಕ್ಕೆ ದೊಡ್ಡದಾಗಿ ಬಾಗುವ ಕಡೆ, ಇಡೀ ಗಾಡಿ ಡ್ರೈವರನ ಕಣ್ಣಿಗೆ ಕಾಣುತ್ತದೆ. ಅಭ್ಯಾಸದಂತೆ ಅವನು ತಿರುಗಿ ನೋಡಿದ. ಬಿಸಿಲು ಸುಡುತ್ತಿತ್ತು. ಹಿಂದಿನ ಡಬ್ಬಿಗಳಲ್ಲಿ ಕಿಟಕಿಗಳೆಲ್ಲ ತೆರೆದು, ಗಾಳಿಗೆ ಕೈಗಳು ಹೊರಗೆ ಚಾಚಿದ್ದವು. ಎಂಜಿನ್ನಿಗೆ ಅಂಟಿಕೊಂಡ ಮೊದಲ ಎರಡು ಡಬ್ಬಿಗಳಲ್ಲಿ ಮಾತ್ರ ಒಂದೇ ಒಂದು ಕಿಟಕಿಯೂ ತೆರೆದಿರಲಿಲ್ಲ. ಮೂರನೆಯದರಲ್ಲಿ ಒಬ್ಬಳು ಹೆಂಗಸು ಮಗುವಿನ ಮುಖಕ್ಕೆ ಬಟ್ಟೆ ಒತ್ತಿಹಿಡಿದು, ಇನ್ನೊಂದು ಕೈಯಿಂದ ಕಿಟಕಿ ಎಳೆದು ಮುಚ್ಚುತ್ತಿದ್ದಳು.

ಇಂಥ ಧಗೆಯಲ್ಲಿ ಕಿಟಕಿ ಯಾಕೆ ಮುಚ್ಚುತ್ತಾರೆ? ಮಸಿಯೇ? ಮಸಿ ದಿನಾ ಹಾರುತ್ತದೆ. ಅವನು ಕ್ಯಾಬಿನೊಳಗೆ ತಿರುಗಿದ. ಭಾಮೈದ ಅಲ್ಲೇ ನಿಂತಿದ್ದ, ನೆಮ್ಮದಿಯಾಗಿ.

"ಏನೋ, ವಾಸನೆ ಬರ್ತಿದೆಯಾ?" ಮೂಗಣ್ಣ ಕೂಗಿದ.

ಭಾಮೈದನ ಸಲಿಕೆ ಅರ್ಧಕ್ಕೇ ನಿಂತಿತು. ಮುಖದ ಮಸಿಯ ಕೆಳಗಿನ ಬಣ್ಣ ಇಳಿದು ಹೋದದ್ದು ಕಂಡಿತು.

"ನಿಮಗೆ ಬರ್ತಿದೆಯಾ ಭಾವ?"

ವಾಸನೆ ಬರುವವನು ಹಾಗೆ ತಿರುಗಿ ಕೇಳುವುದಿಲ್ಲ. ಮೂಗಣ್ಣನಿಗೆ ಮತ್ತೇನೂ ಕೇಳಬೇಕಾಗಿರಲಿಲ್ಲ. ಚಳಿಗಾಲದಿಂದ ಈಚೆಗೆ ಅವನು ಇವನ ಮುಖ ನೋಡಿಕೊಂಡು, ಇವನು ಅವನ ಮುಖ ನೋಡಿಕೊಂಡು, ಈ ಎಂಜಿನ್ನಿನಲ್ಲಿ ಇಬ್ಬರೂ ಕುರುಡರಂತೆ ಕೂತು ಬಂದಿದ್ದರು. ಮೂಗಣ್ಣ ರೆಗ್ಯುಲೇಟರ್ ಮುಚ್ಚಿದ, ಬ್ರೇಕ್ ಎಳೆದ. ಗಾಡಿ ಕೂಡಲೇ ನಿಲ್ಲುವಂಥದ್ದಲ್ಲ. ಅದು ಉರುಳುತ್ತ ಉರುಳುತ್ತ ವೇಗ ಇಳಿಸುವಷ್ಟು ಹೊತ್ತೂ ಇಬ್ಬರೂ ಕಾಲಿನ ಕೆಳಗಿನ ತಗಡನ್ನು ನೋಡುತ್ತ, ಅದನ್ನು ಸೀಳಿಕೊಂಡು ಬರಬೇಕಾದದ್ದು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದರು. ಭಾಮೈದ ಯಾವಾಗಲೋ ಭಾವನ ಅಂಗಿಯ ತೋಳನ್ನು ಹಿಡಿದುಕೊಂಡಿದ್ದ. ಗಾಡಿ ನಿಂತಿತು.

ಇಳಿದು ಬಗ್ಗಿ ನೋಡಿದರೆ ಒಳಗಿನಿಂದ ನೀಲಿ ಹೊಗೆ. ಹಳಿಯ ನಡುವಿನ ಜಲ್ಲಿಯ ಮೇಲೆ ಬಿಳಿ ಲೋಹ ತೊಟ್ಟು ತೊಟ್ಟಾಗಿ ಬಿದ್ದು ಮಿನುಗುತ್ತಿತ್ತು. ಹಿಂದಿನಿಂದ ಗಾರ್ಡ್ ಕರವಸ್ತ್ರದಲ್ಲಿ ಮೂಗು ಒತ್ತಿಕೊಂಡು ಓಡಿಬಂದ.

"ಎಂಥಾ ನಾತವಯ್ಯಾ ಇದು. ಸೇತುವೆ ದಾಟಿದಾಗಿನಿಂದ ಮುಂದಿನ ಡಬ್ಬಿಯವರು ವಾಂತಿ ಮಾಡ್ಕೊಳ್ತಿದ್ದಾರಂತೆ. ಅಷ್ಟೊತ್ತು ನೀವಿಬ್ಬರೂ ಏನು ಮಾಡ್ತಿದ್ರಿ?"

ಮೂಗಣ್ಣ ಅಲ್ಲೇ ಜಲ್ಲಿಯ ಮೇಲೆ ಕೂತ. 

"ನನಗೆ ವಾಸನೆ ಬರಲ್ಲ," ಎಂದ. "ಜ್ವರ ಬಂದಾಗಿನಿಂದ."

"ನನಗೂ," ಎಂದ ಭಾಮೈದ.

ಗಾರ್ಡ್ ಇಬ್ಬರನ್ನೂ ನೋಡಿದ, ಆಮೇಲೆ ಸಾಲಾಗಿ ನಿಂತ ಡಬ್ಬಿಗಳನ್ನು ನೋಡಿದ. ಹಿಂದೆ ಬರುವ ಗಾಡಿಗಳನ್ನು ತಡೆಯಲು ಕೆಂಪು ಬಾವುಟ ಹಿಡಿದು ಹಿಂದಕ್ಕೆ ನಡೆದ.

ಸಂಜೆಯ ಹೊತ್ತಿಗೆ ಶೆಡ್ಡಿನ ಫೋರ್‌ಮನ್ ಇಬ್ಬರನ್ನೂ ಮುನ್ನೂರರ ಸಾಲಿನಿಂದ ತೆಗೆದು ಹಾಕಿದ್ದ. ಇನ್ನು ಅಂಗಳದಲ್ಲಿ ಡಬ್ಬಿ ಜೋಡಿಸುವ ಕೆಲಸ ಎಂದ. ಮೂಗಣ್ಣ ಬೇಡ ಅನ್ನಲಿಲ್ಲ. ಇಬ್ಬರೂ ಮನೆಗೆ ಬಂದರು. ಗಾಡಿ ನಡುದಾರಿಯಲ್ಲಿ ನಿಂತ ಸುದ್ದಿ ಇವರಿಗಿಂತ ಮೊದಲೇ ಕೇರಿ ತಲುಪಿತ್ತು. ಹೆಂಡತಿ ಒಲೆಯ ಮೇಲೆ ಅಡುಗೆ ಇಟ್ಟು, ಬಾಗಿಲಲ್ಲಿ ಕಾಯುತ್ತಿದ್ದಳು. ಇಬ್ಬರೂ ನೆಟ್ಟಗೆ ನಿಂತದ್ದು ಕಂಡು ಮುಖ ಅರಳಿತು.

"ನಾನು ಹೇಳಿರಲಿಲ್ವಾ? ಇವನಿಗೇ ತಾನೇ ಮೊದಲು ನಾತ ಬಂದಿದ್ದು?" ಎಂದು ತಮ್ಮನ ಬೆನ್ನು ತಟ್ಟಿದಳು.

"ಇಲ್ಲ ಅಕ್ಕಾ," ಎಂದ ಅವನು ತಲೆ ತಗ್ಗಿಸಿ. "ಜ್ವರ ಬಂದ ಮೇಲೆ ನನಗೂ ಮೂಗು ಹೋಗಿದೆ. ಭಾವ ಇದ್ದಾರಲ್ಲ ಅಂತ ನಾನು ಯಾರಿಗೂ ಹೇಳಲಿಲ್ಲ."

ಅವಳ ಕೈ ಅವನ ಬೆನ್ನಿನ ಮೇಲೇ ನಿಂತುಹೋಯಿತು. ಗಂಡನ ಮುಖ ನೋಡಿದಳು, ತಮ್ಮನ ಮುಖ ನೋಡಿದಳು.

"ದಿನಾ ಬುತ್ತಿ ಕಟ್ಟಿ ನಾನೇ ಕಳಿಸ್ತಿದ್ದೆನಲ್ಲ," ಎಂದಳು. "ಇಬ್ಬರನ್ನೂ. ಒಟ್ಟಿಗೆ."

 ನೆಲದ ಮೇಲೆ ಕೂತು, ಒಂದು ಕೈಯಲ್ಲಿ ಗಂಡನ ಮಣಿಕಟ್ಟು, ಇನ್ನೊಂದರಲ್ಲಿ ತಮ್ಮನದು, ಎರಡನ್ನೂ ಬಿಗಿಯಾಗಿ ಹಿಡಿದುಕೊಂಡಳು. ಒಳಗೆ ಒಲೆಯ ಮೇಲಿನದು ತಳ ಹಿಡಿದು ಸೀಯುತ್ತಿತ್ತು. ಆ ಮನೆಯಲ್ಲಿ ಅದರ ವಾಸನೆ ಬರುತ್ತಿದ್ದದ್ದು ಅವಳೊಬ್ಬಳಿಗೇ. ಆದರೂ ಅವಳು ಕೈ ಬಿಟ್ಟು ಏಳಲಿಲ್ಲ.