ಮಹಾಬಲಿಪುರದ ಅರ್ಧ ಕೆತ್ತಿದ ಬಂಡೆ

“ಇದನ್ನ ಅರ್ಧಕ್ಕೆ ಬಿಟ್ಟ ಸೋಮಾರಿ ಯಾವನಪ್ಪಾ?” ಮಹಾಬಲಿಪುರದ ಕಡಲತಡಿಯಲ್ಲಿ, ಮುಗಿಯದ ಕೆತ್ತನೆಯೊಂದರ ಮುಂದೆ ನಿಂತು ಜೋರಾಗಿಯೇ ಅಂದೆ. ಜಯನಗರದ ಮನೆಗಳಿಗೆ ಕಲ್ಲು ಕಡಿಸಿ ನಿವೃತ್ತನಾದ ಮೇಸ್ತ್ರಿ ನಾನು. ಮದರಾಸಿನ ಮಗಳ ಮನೆಯಿಂದ ಒಂದು ದಿನಕ್ಕೆಂದು ಹೋಗಿದ್ದೆ.

ಅಲ್ಲೇ ವಿಗ್ರಹ ಮಾರುತ್ತಿದ್ದ ಹೊಸೂರು ಕಡೆಯ ಮುದುಕನಿಗೆ ಕನ್ನಡ ಬರುತ್ತಿತ್ತು. ಎದ್ದು ಬಂದು ಸಣ್ಣ ಕಲ್ಲಿನಿಂದ ಬಂಡೆಯನ್ನು ತಟ್ಟಿದ. ಒಡಕು ದನಿ ಬಂತು.

“ಒಳಗೆ ಬಿರುಕೈತೆ ಯಜಮಾನ್ರೇ. ತಟ್ಟಿ ನೋಡ್ದೆ ಬೈದ್ಬಿಟ್ರಲ್ಲ!”

ನನ್ನ ಕಿವಿ ಬಿಸಿಯಾಯಿತು. ಹಿಂದೊಮ್ಮೆ ಕಲ್ಲು ಒಡಕೆಂದು ಉಳಿ ಕೆಳಗಿಟ್ಟ ನನ್ನ ಕೈಕೆಳಗಿನ ಕಲ್ಲುಕುಟಿಗ ಮುನಿಯನನ್ನೂ ನಾನು ಹೀಗೇ, ತಟ್ಟಿ ನೋಡದೆ, ಕೆಲಸದಿಂದ ಓಡಿಸಿದ್ದೆ.

ಬೆಂಗಳೂರಿಗೆ ಬಂದವನೇ ಇಟ್ಟಮಡುವಿನಲ್ಲಿದ್ದ ಅವನ ಮನೆಗೆ ನಡೆದೆ. ಮುನಿಯ ಬಾಗಿಲು ತೆರೆದು ಚಾಪೆ ಹಾಸಿದ. ಎಷ್ಟೋ ಬಂಡೆ ಸೀಳಿಸಿದವನು ನಾನು. ತಪ್ಪಾಯಿತು ಅನ್ನಲು ಬಹಳ ಹೊತ್ತು ಹಿಡಿಯಿತು.