ಗುಣಮಟ್ಟ ನೋಡಲು ಬಂದವರು

ಆಗಿನ್ನೂ ಕನಕಪುರ ರಸ್ತೆಗೆ ಮೆಟ್ರೊ ಬಂದಿರಲಿಲ್ಲ. ಕೋಣನಕುಂಟೆಯ ನಮ್ಮ ಬೀದಿಯಲ್ಲಿ ಒಂದು ಮಗ್ಗುಲಿಗೆ ಹಳೆಯ ಹೆಂಚಿನ ಮನೆಗಳು, ಇನ್ನೊಂದು ಮಗ್ಗುಲಿಗೆ ದಿನದಿಂದ ದಿನಕ್ಕೆ ಮೇಲೇಳುತ್ತಿದ್ದ ಅಪಾರ್ಟ್‌ಮೆಂಟುಗಳು. ಬೆಳಗ್ಗೆ ಬಾಗಿಲು ತೆಗೆದರೆ ಹಸಿ ಸಿಮೆಂಟಿನ ವಾಸನೆ. ಚಳಿ ಬಿತ್ತೆಂದರೆ ಅದಕ್ಕೆ ಸೊಗಡಿನ ಅವರೆಕಾಯಿಯ ವಾಸನೆಯೂ ಸೇರಿಕೊಳ್ಳುತ್ತಿತ್ತು. ಅಪ್ಪ ಮಡಿವಾಳ ಮಾರ್ಕೆಟ್ಟಿನಿಂದ ತರಕಾರಿ ಸಾಗಿಸುವ ಟೆಂಪೊ ಓಡಿಸುತ್ತಿದ್ದರು. ಹಾಗಾಗಿ ಆ ಕಾಲದಲ್ಲಿ ನಮ್ಮ ಮನೆಯ ಜಗಲಿ ಅವರೆ ಸಿಪ್ಪೆಯಿಂದಲೇ ತುಂಬಿರುತ್ತಿತ್ತು. ನೆನೆಸಿದ ಕಾಳು ಹಿತುಕಿ ಹಿತುಕಿ ನಮ್ಮ ಬೆರಳ ತುದಿಗಳು ಸುಕ್ಕಾಗುತ್ತಿದ್ದವು. ಅದೇ ಕೈಯಲ್ಲಿ ಚೀಲ ಹಿಡಿದು ಶಾಲೆಗೆ ಓಡುತ್ತಿದ್ದೆವು.

ಶಾಲೆ ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಸರ್ಕಾರಿ ಶಾಲೆ, ಏಳನೆಯ ತರಗತಿಯವರೆಗೆ. ನಾನು ಆರನೆಯ ತರಗತಿಯಲ್ಲಿದ್ದ ಆ ವರ್ಷ ಐದು, ಆರು, ಏಳು ಮೂರೂ ಒಂದೇ ಕೋಣೆಯಲ್ಲಿ ಕೂರುತ್ತಿದ್ದವು. ಮೇಲಿನ ರಸ್ತೆಯಲ್ಲಿ ಇಂಗ್ಲಿಷ್ ಮೀಡಿಯಂ ಶಾಲೆ ಶುರುವಾಗಿ, ಅದರ ಹಳದಿ ವ್ಯಾನು ನಮ್ಮ ಬೀದಿಗೇ ಬರತೊಡಗಿದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಕರಗಿಹೋಗಿದ್ದರು. ಉಳಿದವರೆಂದರೆ ನನ್ನಂಥವರು, ಮತ್ತೆ ಅಪಾರ್ಟ್‌ಮೆಂಟ್ ಕಟ್ಟಲು ರಾಯಚೂರು, ಯಾದಗಿರಿ ಕಡೆಯಿಂದ ಬಂದವರ ಮಕ್ಕಳು. ಪಕ್ಕದ ಮನೆಯ ಆಂಟಿ ಅಮ್ಮನನ್ನು ಕಂಡಾಗಲೆಲ್ಲ ಕೇಳುತ್ತಿದ್ದರು, "ಏನ್ರೀ, ಮಂಜುಳಾನ ಇನ್ನೂ ಗೌರ್ಮೆಂಟ್ ಸ್ಕೂಲಿಗೇ ಕಳಿಸ್ತಿದೀರಾ?" ಅಮ್ಮ ಹೊಲಿಗೆ ಮಿಶನ್ನಿನಿಂದ ತಲೆ ಎತ್ತದೆ, "ಅಲ್ಲಿ ವಿಮಲಾ ಮಿಸ್ ಇದಾರಲ್ಲ ರೀ, ಸಾಕು" ಎನ್ನುತ್ತಿದ್ದಳು.

ವಿಮಲಾ ಮಿಸ್ ಜಯನಗರದಿಂದ ಬಸ್ಸು ಬದಲಿಸಿಕೊಂಡು ಬರುತ್ತಿದ್ದರು. ನೀಟಾಗಿ ಪಿನ್ನು ಹಾಕಿದ ಹತ್ತಿ ಸೀರೆ, ಮುಡಿಯಲ್ಲಿ ಕನಕಾಂಬರ. ಮೂರು ತರಗತಿಗೂ ಎಲ್ಲ ಪಾಠವೂ ಅವರದೇ, ಹೆಡ್‌ಮಿಸ್ಸೂ ಅವರೇ. ಏಳನೆಯವರಿಗೆ ಲೆಕ್ಕ ಕೊಟ್ಟು, ಐದನೆಯವರಿಗೆ ಪದ್ಯ ಹೇಳಿಸಿ, ನಮ್ಮ ಕಡೆ ತಿರುಗುವಷ್ಟರಲ್ಲಿ ಬಿಸಿಯೂಟದ ಸಾರಿನ ಘಮ ಬಂದು ನಮ್ಮ ಗಮನವೆಲ್ಲ ತಟ್ಟೆಯ ಕಡೆ ಹೊರಟುಹೋಗಿರುತ್ತಿತ್ತು.

ರೇಣುಕಾ ಆ ವರ್ಷವೇ ಸೇರಿದವಳು. ಅವಳ ಅಪ್ಪ ಅವ್ವ ಎದುರಿನ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದರು. ವಯಸ್ಸಿನ ಲೆಕ್ಕದಲ್ಲಿ ಅವಳನ್ನು ಆರನೆಯ ತರಗತಿಗೆ ಸೇರಿಸಿಕೊಂಡಿದ್ದರೇ ಹೊರತು ಅವಳಿಗೆ ಓದಲು ಬರುತ್ತಿರಲಿಲ್ಲ. ಊರೂರು ತಿರುಗಿದ್ದ ಸಂಸಾರ, ಯಾವ ಶಾಲೆಯಲ್ಲೂ ನೆಟ್ಟಗೆ ಕೂತವಳಲ್ಲ. ಜೊತೆಗೆ ಸೊಂಟದ ಮೇಲೆ ಯಾವಾಗಲೂ ತಂಗಿ ಹನಮಿ. ಇನ್ನೂ ತೊದಲು ಮಾತಿನ ಕೂಸು. ಮೊದಲ ದಿನ ಅವಳು ಬಾಗಿಲಲ್ಲೇ ನಿಂತು, "ಇಕೀನ್ನ ಬಿಟ್ಟು ಬರಾಕ ಆಗಂಗಿಲ್ರೀ, ಅವ್ವ ಕೆಲಸಕ್ಕ ಹೋಗ್ತಾಳ್ರೀ" ಎಂದಾಗ ಮಿಸ್ ಒಂದು ಗೋಣಿಚೀಲ ಮಡಿಸಿ ತಮ್ಮ ಮೇಜಿನ ಕೆಳಗೆ ಹಾಸಿದ್ದರು. ಅಲ್ಲಿಂದ ಮುಂದೆ ಹನಮಿ ಅಲ್ಲೇ ಆಡಿ, ಅಲ್ಲೇ ಮಲಗಿ, ನಮ್ಮ ತಟ್ಟೆಯಲ್ಲೇ ಉಂಡು ಬೆಳೆಯಿತು.

ಡಿಸೆಂಬರಿನ ಒಂದು ಬೆಳಗ್ಗೆ ಮಿಸ್ ಹಾಜರಿ ಕರೆಯದೆ ಸುಮ್ಮನೆ ಕೂತಿದ್ದರು. ಆಮೇಲೆ ಹೇಳಿದರು, "ಶಿಕ್ಷಣ ಇಲಾಖೆ ಆಫೀಸಿಂದ ಬರ್ತಾರಂತೆ ಮಕ್ಳೆ. ನಮ್ಮ ಸ್ಕೂಲಿನ ಗುಣಮಟ್ಟ ನೋಡೋಕೆ."

"ಗುಣಮಟ್ಟ ಅಂದ್ರ ಏನ್ರೀ ಮಿಸ್?" ಎಂದಳು ರೇಣುಕಾ.

"ಚೆನ್ನಾಗಿದೆಯೋ ಇಲ್ವೋ ಅಂತ."

"ಚಲೋ ಐತಲ್ರೀ!"

ಎಲ್ಲರೂ ನಕ್ಕೆವು. ಮಿಸ್ ನಗಲಿಲ್ಲ. ಚೆನ್ನಾಗಿಲ್ಲ ಎಂದು ಬಂದವರಿಗೆ ಕಂಡರೆ ನಮ್ಮ ಶಾಲೆಯನ್ನು ಮುಚ್ಚಿ, ಕನಕಪುರ ರಸ್ತೆಯ ಆಚೆ ಇದ್ದ ದೊಡ್ಡ ಶಾಲೆಗೆ ನಮ್ಮನ್ನೆಲ್ಲ ಸೇರಿಸುತ್ತಾರೆ ಎಂದು ಅವರು ಬಿಡಿಸಿ ಹೇಳಿದಾಗ ನಮ್ಮ ನಗುವೂ ನಿಂತಿತು. ಮರಳು ಲಾರಿಗಳು ಧೂಳೆಬ್ಬಿಸಿ ಓಡುತ್ತಿದ್ದ ಆ ರಸ್ತೆಯನ್ನು ಒಂಟಿಯಾಗಿ ದಾಟಲು ನಮ್ಮಲ್ಲಿ ಯಾರಿಗೂ ಮನೆಯವರ ಅಪ್ಪಣೆ ಇರಲಿಲ್ಲ.

ಆ ದಿನಗಳಲ್ಲಿ ನಾವು ಕುಂಟೆಬಿಲ್ಲೆ ಮರೆತೆವು, ಲಗೋರಿ ಮರೆತೆವು. ಅಮ್ಮ ಮತ್ತು ಬೀದಿಯ ಇನ್ನಿಬ್ಬರು ಹೆಂಗಸರು ಬಂದು ಗೋಡೆಗೆ ಸುಣ್ಣ ಬಳಿದರು. ನಾವು ಬೆಂಚು ಉಜ್ಜಿದೆವು, ಮಗ್ಗಿ ಬಾಯಿಪಾಠ ಮಾಡಿದೆವು, ಭೂಪಟದ ಹರಿದ ಮೂಲೆಗೆ ಅನ್ನದ ಅಗುಳು ಮೆತ್ತಿ ಅಂಟಿಸಿದೆವು. ಶಾಲೆ ಬಿಟ್ಟ ಮೇಲೂ ಮಿಸ್ ರೇಣುಕಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸುತ್ತಿದ್ದರು. ಒಂದು ಸಂಜೆ ಮನೆಗೆ ಹೋಗುವಾಗ ಅವಳು ಥಟ್ಟನೆ ನಿಂತು, ಶಾಲೆಯ ಕಾಂಪೌಂಡಿನ ಮೇಲೆ ಬರೆದಿದ್ದ ದಪ್ಪ ಅಕ್ಷರಗಳ ಮೇಲೆ ಬೆರಳಿಟ್ಟಳು. "ಇ... ಲ್ಲಿ... ಮೂ... ತ್ರ..." ಬೆರಳು ಗೋಡೆಯುದ್ದಕ್ಕೂ ಸರಿಯಿತು. "ಮಾಡ... ಬಾ... ರದು!" ಆಮೇಲೆ ನನ್ನ ಭುಜ ಹಿಡಿದು ಕುಣಿದಳು, "ಮಂಜೂ, ಓದಿದ್ನೆ! ನಾನಽ ಓದಿದ್ನೆ!" ಅವಳು ತಾನಾಗಿಯೇ ಓದಿದ ಮೊದಲ ವಾಕ್ಯ ಅದು. ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು.

ನಗುವುದಕ್ಕೆ ಇನ್ನೊಂದು ಕಾರಣವಿತ್ತು. ಕಾಂಪೌಂಡಿನ ಒಳಗೆ ನಮಗೂ ಅದಕ್ಕೆ ಜಾಗವಿರಲಿಲ್ಲ. ಹೆಣ್ಣುಮಕ್ಕಳ ಶೌಚಾಲಯದ ಬಾಗಿಲು ಕಿತ್ತುಹೋಗಿ ಯಾವ ಕಾಲವಾಗಿತ್ತೋ. ಪೈಪು ಕಟ್ಟಿಕೊಂಡು ಹುಲ್ಲು ಬೆಳೆದಿತ್ತು. ಬೆಳಗ್ಗೆಯಿಂದ ನಾವು ನೀರು ಕುಡಿಯುತ್ತಿರಲಿಲ್ಲ, ಸಾರನ್ನು ಕೂಡ ನೋಡಿಕೊಂಡು ಹಾಕಿಸಿಕೊಳ್ಳುತ್ತಿದ್ದೆವು. ತಡೆಯಲಾಗದವರು ನಮ್ಮ ಮನೆಗೆ ಓಡುತ್ತಿದ್ದರು. ಮಿಸ್ಸೂ ಅಲ್ಲಿಗೇ ಬರುತ್ತಿದ್ದರು. ಬಾಗಿಲಲ್ಲಿ ಸಂಕೋಚದಿಂದ ನಿಂತು, "ಲಲಿತಮ್ಮ, ಸ್ವಲ್ಪ..." ಎನ್ನುವಷ್ಟರಲ್ಲೇ ಅಮ್ಮ, "ಬನ್ನಿ ಮಿಸ್, ನಿಮ್ಮನೇ ಅನ್ಕೊಳಿ" ಎಂದು ಬಕೆಟ್ಟು ತುಂಬಿಸಿಡುತ್ತಿದ್ದಳು.

ಬರುತ್ತೇವೆಂದವರು ಕಡೆಗೂ ಜೀಪಿನಲ್ಲಿ ಬಂದರು. ಇಬ್ಬರು ಗಂಡಸರು, ಅವರ ಮೇಲಿನ ಅಧಿಕಾರಿಯಾಗಿ ಒಬ್ಬ ಮೇಡಂ. ಗಂಡಸರು ಗೋಡೆ, ಸೂರು, ಕಿಟಕಿ ನೋಡುತ್ತ ನಡೆದರು. ಮೇಡಂ ನಮ್ಮ ಕೋಣೆಗೆ ಬಂದು ಮಿಸ್ಸಿನ ಕುರ್ಚಿಯಲ್ಲಿ ಕೂತರು. ಕಾಲಿಗೆ ಏನೋ ತಗುಲಿತೆಂದು ಬಗ್ಗಿ ನೋಡಿದರೆ ಮೇಜಿನ ಕೆಳಗೆ ಹನಮಿ. "ಇದ್ಯಾರದ್ರೀ?" ಎಂದು ಕಾಲು ಹಿಂದಕ್ಕೆಳೆದುಕೊಂಡರು. ಮಿಸ್ ಕಾರಣ ಹೇಳಿದರು. ಮೇಡಂ ಏನೋ ಬರೆದುಕೊಂಡರು.

ನಮ್ಮಲ್ಲಿ ಹಲವರು ಓದಿದೆವು, ಲೆಕ್ಕ ಮಾಡಿದೆವು. ಚೆನ್ನಾಗಿಯೇ ಮಾಡಿದೆವು ಎಂದು ನನಗೆ ಇವತ್ತಿಗೂ ಅನಿಸುತ್ತದೆ. ಆಮೇಲೆ ರೇಣುಕಾಳ ಸರದಿ ಬಂತು. ಅವಳು ಪುಸ್ತಕವನ್ನು ಎದೆಯ ಹತ್ತಿರ ಹಿಡಿದು ಬೆರಳಿಟ್ಟು ಓದತೊಡಗಿದಳು. ಒಂದೊಂದು ಅಕ್ಷರವೂ ನಿಧಾನವಾಗಿ ಬರುತ್ತಿತ್ತು, ಆದರೆ ಬರುತ್ತಿತ್ತು. ಮಿಸ್ಸಿನ ತುಟಿಗಳು ಅವಳ ಜೊತೆಗೇ ಅಲುಗುತ್ತಿದ್ದವು. ಸಾಲು ಮುಗಿಯುವ ಮೊದಲೇ ಮೇಡಂ ಕೈಗಡಿಯಾರ ನೋಡಿ, "ಸಾಕು ಬಿಡಮ್ಮ" ಎಂದರು. ಮಿಸ್ ಕಡೆ ತಿರುಗಿ, "ಆರನೇ ಕ್ಲಾಸಲ್ವೇನ್ರೀ ಇದು?" ಎಂದರು.

"ಜೂನಲ್ಲಿ ಅವಳಿಗೆ ಅ-ಆ ಕೂಡ ಬರ್ತಿರ್ಲಿಲ್ಲ ಮೇಡಂ," ಎಂದರು ಮಿಸ್. "ಈಗ ಓದ್ತಿದಾಳೆ. ಇನ್ನೊಂದು ವರ್ಷ ಕೊಡಿ."

ಮೇಡಂ ಕೆಟ್ಟವರಾಗಿರಲಿಲ್ಲ. ಏಳುವ ಮುಂಚೆ ನಮ್ಮೆಲ್ಲರ ಕಡೆ ನೋಡಿ ಮೃದುವಾಗಿಯೇ ಕೇಳಿದರು, "ಸ್ಕೂಲಲ್ಲಿ ಏನಾದ್ರೂ ತೊಂದ್ರೆ ಇದೆಯಾ? ಹೆದರ್ಬೇಡಿ. ಹೇಳಿದ್ರೆ ಸರಿ ಮಾಡಿಸ್ತೀವಿ."

ಯಾರೂ ಬಾಯಿ ಬಿಡಲಿಲ್ಲ. ಆಗ ಇನ್ನೂ ನಿಂತೇ ಇದ್ದ ರೇಣುಕಾ ಹೇಳಿದಳು, "ನೀರ್ ಕುಡ್ಯಾಕ ಹೆದರಿಕಿ ಆಗ್ತೈತ್ರೀ. ಹುಡುಗ್ಯಾರಿಗೆ ಪಾಯಖಾನೆ ಇಲ್ರೀ. ಮಿಸ್‌ಗೂ ಇಲ್ರೀ."

ಮೇಡಂ ಮಿಸ್ಸಿನ ಮುಖ ನೋಡಿದರು. ಮಿಸ್ಸಿನ ಕಿವಿಯವರೆಗೂ ಕೆಂಪೇರಿತ್ತು. ಆದರೂ ದನಿ ನಡುಗದೆ, "ಅವಳು ಹೇಳ್ತಿರೋದು ನಿಜ ಮೇಡಂ. ನಾನೂ ಕೇಳಿ ಕೇಳಿ ಸಾಕಾಗಿದೀನಿ" ಎಂದರು. ಮೇಡಂ ಅದನ್ನೂ ಬರೆದುಕೊಂಡರು.

ಜೀಪು ಹೋದ ಮೇಲೆ ರೇಣುಕಾ ಅಳುಮುಖದಿಂದ ಮಿಸ್ ಹತ್ತಿರ ಹೋದಳು. "ನಾ ತಪ್ಪ್ ಹೇಳಿದ್ನೇನ್ರೀ?"

"ಇಲ್ಲ ಕಣೇ. ಯಾರಾದ್ರೂ ಹೇಳ್ಬೇಕಿತ್ತು. ನೀನು ಹೇಳ್ದೆ." ಮಿಸ್ ಅವಳ ಕೆದರಿದ ಜಡೆಯನ್ನು ಬಿಚ್ಚಿ ಮತ್ತೆ ಹೆಣೆದರು.

ಅಂದಿನಿಂದ ಬೀದಿಯಲ್ಲಿ ಇಟ್ಟಿಗೆಯ ಟೆಂಪೊ ಕಂಡರೆ ಸಾಕು, ನಾವು ಕಿಟಕಿಗೆ ಓಡುತ್ತಿದ್ದೆವು. "ನಮ್ದಽ ಬಂತು!" ಎಂದು ರೇಣುಕಾ ಕೂಗುತ್ತಿದ್ದಳು. ಟೆಂಪೊ ನಮ್ಮ ಗೇಟು ದಾಟಿ ಅಪಾರ್ಟ್‌ಮೆಂಟಿನ ಕಡೆ ಹೋಗುತ್ತಿತ್ತು. ಸಂಕ್ರಾಂತಿಯ ಎಳ್ಳುಬೆಲ್ಲ ಮುಗಿದ ಮೇಲೆ ಬಂದದ್ದು ಆದೇಶ. ಮೂಲಸೌಕರ್ಯವಿಲ್ಲದ ಕಾರಣ ಶಾಲೆಯನ್ನು ರಸ್ತೆಯಾಚೆಯ ಶಾಲೆಯೊಂದಿಗೆ ವಿಲೀನಗೊಳಿಸಲಾಗಿದೆ. ಮಿಸ್ ಅದನ್ನು ಓದಿ ಹೇಳಿದಾಗ ರೇಣುಕಾ ನನ್ನ ಕಿವಿಯಲ್ಲಿ ಕೇಳಿದಳು, "ವಿಲೀನ ಅಂದ್ರ ಪಾಯಖಾನೆ ಕಟ್ಟಸ್ತಾರಂತ?" ನನ್ನ ಮುಖ ನೋಡಿ ಅವಳಿಗೆ ಗೊತ್ತಾಯಿತು.

ಅಮ್ಮ ಬೀದಿಯ ಹೆಂಗಸರನ್ನು ಕಟ್ಟಿಕೊಂಡು ಆಫೀಸಿಗೆ ಹೋದಳು. ನನ್ನನ್ನೂ ಕರೆದೊಯ್ದಿದ್ದಳು. ಅಲ್ಲಿ ಕೂತಿದ್ದವರು ಫೈಲಿನಿಂದ ಕಣ್ಣೆತ್ತಿ, "ಒಳ್ಳೇ ಸ್ಕೂಲಿಗೇ ಕಳಿಸ್ತಿದೀವಲ್ಲಮ್ಮ, ಖುಷಿ ಪಡ್ಬೇಕು ನೀವು. ಅಲ್ಲಿ ಲ್ಯಾಬಿದೆ, ಟೈಲ್ಸ್ ಹಾಕಿದ ಟಾಯ್ಲೆಟ್ಟಿದೆ" ಎಂದರು. ಯಾರ ಎದುರೂ ದನಿ ಎತ್ತದ ಅಮ್ಮ ಅಂದು ಎತ್ತಿದಳು. "ಟಾಯ್ಲೆಟ್ಟಿಗೆ ಒಂದು ಬಾಗ್ಲು ಹಾಕ್ಸಿ ಅಂದ್ರೆ ಸ್ಕೂಲಿಗೇ ಬಾಗ್ಲು ಹಾಕ್ತಿದೀರಲ್ಲ ಸಾರ್!" ಅವರು ಗಂಟೆ ಒತ್ತಿ ಜವಾನನನ್ನು ಕರೆದರು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಅಮ್ಮ ಸೆರಗು ಬಾಯಿಗೊತ್ತಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು.

ಹೊಸ ಶಾಲೆ ನಿಜಕ್ಕೂ ದೊಡ್ಡದಿತ್ತು. ಗಾಜಿನ ಬೀರುವಿನ ಲ್ಯಾಬು, ಸಾಲು ನಲ್ಲಿಗಳು, ಹೇಳಿದ ಹಾಗೆಯೇ ಬಿಳಿ ಟೈಲ್ಸು. ವಿಮಲಾ ಮಿಸ್ಸಿಗೂ ಅಲ್ಲಿಗೇ ವರ್ಗವಾಗಿತ್ತು. ದಿನಾ ಬೆಳಗ್ಗೆ ಅವರು ರಸ್ತೆಯ ಈಚೆ ಇಳಿದು, ನಮ್ಮನ್ನೆಲ್ಲ ಕೈ ಕೈ ಹಿಡಿಸಿ, ಕೊಡೆಯನ್ನು ಲಾರಿಗಳಿಗೆ ಅಡ್ಡ ಚಾಚಿ ದಾಟಿಸುತ್ತಿದ್ದರು. ಆದರೆ ರೇಣುಕಾ ಗೇಟಿನಲ್ಲೇ ನಿಂತಳು. ಹನಮಿಯನ್ನು ಒಳಗೆ ಬಿಡುವಂತಿಲ್ಲ ಎಂದರು ಅಲ್ಲಿನವರು. ಮಿಸ್ ಹೆಡ್‌ಮಾಸ್ಟರರ ಕೋಣೆಗೆ ಹೋಗಿ ಬೇಡಿಕೊಂಡರು. "ಇದು ಸ್ಕೂಲು ಮೇಡಂ, ಅಂಗನವಾಡಿ ಅಲ್ಲ. ನಾಳೆ ಇನ್ನೊಬ್ರು ಕೇಳ್ತಾರೆ," ಎಂದರಂತೆ. ಅವರ ಮಾತಿನಲ್ಲೂ ನ್ಯಾಯವಿತ್ತೇನೋ. ರೇಣುಕಾ ಕೂಸನ್ನು ಸೊಂಟಕ್ಕೇರಿಸಿಕೊಂಡು ಒಬ್ಬಳೇ ರಸ್ತೆ ದಾಟಿ ಹಿಂದಕ್ಕೆ ಹೋದಳು.

ಆ ಸಂಜೆ ಮಿಸ್ ನನ್ನನ್ನು ಕರೆದುಕೊಂಡು ರೇಣುಕಾಳ ಮನೆಯವರ ತಗಡಿನ ಶೆಡ್ಡಿಗೆ ಹೋದರು. ಅವಳ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೈತುಂಬ ಸಿಮೆಂಟು ಕಚ್ಚಿದ ಬಿರುಕು.

"ಓದೋಕೆ ಶುರು ಮಾಡಿದಾಳಮ್ಮ. ಈಗ ಬಿಡಿಸ್ಬೇಡಿ," ಎಂದರು ಮಿಸ್.

"ನನಗೂ ಆಸೆ ಐತ್ರೀ ಅಕ್ಕಾರ. ಕೂಸಿನ್ನ ಯಾರ್ ನೋಡ್ತಾರ್ರೀ? ಮ್ಯಾಲ ಕಬ್ಬಿಣ, ಕೆಳಗ ಗುಂಡಿ. ಎಲ್ಲಿ ಬಿಡ್ಲಿ?"

ರೇಣುಕಾ ಮೂಲೆಯಲ್ಲಿ ಕೂತು ನೆಲ ಕೆರೆಯುತ್ತಿದ್ದಳು. ಹೊರಡುವಾಗ ನನಗೆ ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಉದುರಿಸಿ ಕೊಟ್ಟಳು. ನನ್ನ ಕಡೆ ನೋಡದೆಯೇ, "ನಾ ಬಾಯಿ ಮುಚ್ಕೊಂಡಿದ್ರ ಸಾಲಿ ಇರ್ತಿತ್ತಲ್ಲ ಮಂಜೂ?" ಎಂದಳು. ಅಲ್ಲ ಎಂದೆ. ಅಲ್ಲವೇ ಅಲ್ಲ ಎಂದು ಮಿಸ್ಸೂ ಹೇಳಿದರು. ಅವಳು ನಂಬಿದ ಹಾಗೆ ಕಾಣಲಿಲ್ಲ.

ಹನಮಿಯನ್ನು ತಾನೇ ನೋಡಿಕೊಳ್ಳುತ್ತೇನೆಂದು ಅಪ್ಪನನ್ನು ಒಪ್ಪಿಸಲು ಅಮ್ಮನಿಗೆ ಕೆಲವು ದಿನ ಹಿಡಿಯಿತು. ಅಪ್ಪ ಹೂಂ ಎಂದ ಮಾರನೆಯ ಬೆಳಗ್ಗೆಯೇ ನಾನು ಶೆಡ್ಡಿಗೆ ಓಡಿದೆ. ಶೆಡ್ಡು ಇರಲಿಲ್ಲ. ತಗಡುಗಳನ್ನು ಕಿತ್ತು ಒಂದರ ಮೇಲೊಂದು ಪೇರಿಸಿದ್ದರು. ಒಲೆಯ ಕಲ್ಲುಗಳು ಮಾತ್ರ ಕಪ್ಪಗೆ ಉಳಿದಿದ್ದವು. ಕಾವಲಿನವನನ್ನು ಕೇಳಿದೆ.

"ಇಲ್ಲಿ ಕೆಲಸ ಮುಗೀತಲ್ಲ ಮಗಾ. ಲಾರಿ ಬಂತು, ಹೋದ್ರು."

"ಎಲ್ಲಿಗೆ ಅಂಕಲ್?"

"ಯಾರಿಗ್ಗೊತ್ತು? ವೈಟ್‌ಫೀಲ್ಡೋ, ಹೈದರಾಬಾದೋ."

ಮಿಸ್ಸಿಗೆ ಹೇಳಿದಾಗ ಅವರು ರಸ್ತೆಯ ಅಂಚಿನಲ್ಲಿ ಕೊಡೆ ಹಿಡಿದು ನಿಂತಿದ್ದರು. ಉಳಿದವರ ಕೈ ಕೈ ಸೇರಿಸಿ, ಲಾರಿ ನಿಲ್ಲುವುದನ್ನು ಕಾಯ್ದು, ನಮ್ಮನ್ನು ದಾಟಿಸಿದರು.

ಈಗ ನಾನು ಜೆ.ಪಿ. ನಗರದಲ್ಲಿದ್ದೇನೆ. ಮಗಳಿಗೆ ಶಾಲೆ ಹುಡುಕುತ್ತಿದ್ದೇವೆ. ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ದಿನವೂ ಅದೇ ಮಾತು. ಯಾವ ಸ್ಕೂಲಿಗೆ ಎಷ್ಟು ಸ್ಟಾರು, ಎಲ್ಲಿ ಈಜುಕೊಳವಿದೆ, ಎಲ್ಲಿ ಎಸಿ ಬಸ್ಸಿದೆ. ಎಲ್ಲರಿಗೂ ಶಾಲೆಯನ್ನು ಅಳೆಯಲು ಬರುತ್ತದೆ. ನಾನು ಮಾತ್ರ ಯಾವ ಗೇಟಿನ ಒಳಗೆ ಹೋದರೂ ಮೊದಲು ಹೆಣ್ಣುಮಕ್ಕಳ ಶೌಚಾಲಯ ಎಲ್ಲಿದೆ ಎಂದು ಹುಡುಕುತ್ತೇನೆ.

ಹೋದ ವರ್ಷ ಜಯನಗರದ ಹಣ್ಣಿನ ಅಂಗಡಿಯೊಂದರ ಮುಂದೆ ವಿಮಲಾ ಮಿಸ್ ಸಿಕ್ಕರು. ಬೆನ್ನು ಬಾಗಿತ್ತು, ಕನಕಾಂಬರ ಇರಲಿಲ್ಲ. ಗುರುತು ಹೇಳಿಕೊಂಡೆ. ಅವರು ನನ್ನ ಕೈ ಹಿಡಿದುಕೊಂಡರು. ಏನು ಓದಿದೆ, ಎಲ್ಲಿ ಕೆಲಸ, ಮಕ್ಕಳೆಷ್ಟು, ಏನೊಂದನ್ನೂ ಕೇಳಲಿಲ್ಲ.

"ರೇಣುಕಾ ಎಲ್ಲಾದ್ರೂ ಸಿಕ್ಕಿದ್ಲೇನೇ?" ಎಂದರು.

ಇಲ್ಲ ಮಿಸ್ ಎಂದೆ.

"ಇನ್ನೊಂದು ವರ್ಷ ಸಿಕ್ಕಿದ್ರೆ ಸರಾಗವಾಗಿ ಓದ್ತಿದ್ಲು ಕಣೇ," ಎಂದು ಅವರು ನನಗಲ್ಲ, ಬೇರೆ ಯಾರಿಗೋ ಹೇಳುವಂತೆ ಹೇಳಿದರು.

ಅವಳಿಗೂ ಈಗ ನನ್ನಷ್ಟೇ ವಯಸ್ಸು. ಎಲ್ಲಿದ್ದಾಳೋ ಗೊತ್ತಿಲ್ಲ. ಆ ವರ್ಷ ಕಲಿತ ಅಕ್ಷರಗಳು ಅವಳಲ್ಲಿ ಉಳಿದಿವೆಯೋ, ಇಲ್ಲ ಬಳಸದೆ ಅಳಿಸಿಹೋದವೋ, ಅದೂ ಗೊತ್ತಿಲ್ಲ. ನಿಜ ಹೇಳಿದ್ದಕ್ಕೇ ಶಾಲೆ ಹೋಯಿತೆಂದು ಅವಳು ಇನ್ನೂ ನಂಬಿಕೊಂಡಿದ್ದಾಳೆಯೇ? ಹಾಗೆ ನಂಬಿ, ಎಲ್ಲೋ ಒಂದು ಕಡೆ, ಯಾರೋ ಏನೋ ಕೇಳಿದಾಗ ಬಾಯಿ ಮುಚ್ಚಿಕೊಂಡು ನಿಂತಿದ್ದಾಳೆಯೇ? ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆಯಾಗುವುದು ಅದಕ್ಕೆ.